ಒಲೆಯ ಹಿಡಿ ಅಡ್ಡಕ್ಕಿರಲಿ

ಪ್ರೀತಿಯ ತಂಗಿ ಅಸ್ಲೌಗ್,

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅಪ್ಪ ಕಟ್ಟಿದ ಸಮುದ್ರದಂಡೆಯ ಮರದ ಮನೆಯಲ್ಲಿ ನೀನು, ನಿನ್ನ ಗಂಡ ತೂರ್ಮೂದ್, ಮಗಳು ಸುನ್ನಿವಾ ಮೂವರೂ ಉಣ್ಣೆಯ ಕಂಬಳಿ ಹೊದ್ದು ಮಲಗಿದ್ದೀರಿ. ಮೇಜಿನ ಮೇಲೆ ಈಸ್ಟರಿನ ಕಿತ್ತಳೆ, ಅರ್ಧ ಸುಲಿದದ್ದು. ನಾನು ಹೊರಗೆ ಹಿಮದಲ್ಲಿ ನಿಂತು ಕಿಟಕಿ ಬಡಿಯುತ್ತಿದ್ದೇನೆ, ಯಾರೂ ಏಳುವುದಿಲ್ಲ.

ನಿನ್ನೆ ಮಧ್ಯಾಹ್ನ ನಿನ್ನ ಶಾಲೆಗೆ ಫೋನ್ ಮಾಡಿ, ಅಲ್ಲಿ ಹವೆ ಹೇಗಿದೆ ಎಂದಷ್ಟೇ ಕೇಳಿ ಇಟ್ಟೆನಲ್ಲ, ಕೇಳಬೇಕೆಂದಿದ್ದು ಅದಲ್ಲ. ಊರುಗೋಲು ಊರಿಕೊಂಡು ಅಂಗಡಿಯ ಫೋನಿನವರೆಗೆ ಹೋದದ್ದೇ ಬೇರೆ ಮಾತಿಗೆ. ಫೋನ್ ಜೋಡಿಸಿಕೊಡುವ ಆ ಹೆಂಗಸು ಕಿವಿ ಕೊಟ್ಟು ಕೂತಿರುತ್ತಾಳೆಂದು ಹವೆಯ ಮಾತಿಗೇ ನಿಲ್ಲಿಸಿದೆ. ಈ ಕಾಗದ ನಾಳೆಯ ಟಪಾಲು ದೋಣಿ ಹತ್ತಿದರೆ ಶುಕ್ರವಾರ ನಿನಗೆ ಸಿಗುತ್ತದೆ. ನೀವು ಹೊರಡುವುದು ಶನಿವಾರ. ದೋಣಿ ತಡವಾದರೆ? ಬೇಡ, ಅದನ್ನು ಯೋಚಿಸಲಾರೆ.

ಮೊದಲು ಹೊಟ್ಟೆಯಲ್ಲಿರುವುದನ್ನು ಹೇಳಿಬಿಡುತ್ತೇನೆ. ನಿನ್ನ ಕಾರ್ಡು ಬಂದ ದಿನದಿಂದ ನನಗೆ ಊಟ ಸೇರಿಲ್ಲ. "ಅಕ್ಕಾ, ನಿನ್ನ ಕಾಲು ಮುರಿದದ್ದಕ್ಕೆ ಸುನ್ನಿವಾಳ ಈಸ್ಟರ್ ರಜೆ ಯಾಕೆ ಕೆಡಬೇಕು? ಈ ಸಲ ನಾವೇ ಹೋಗಿಬರ್ತೀವಿ" ಎಂದು ಬರೆದಿದ್ದೆ. ನಾವೇ ಎನ್ನುವ ಆ ಮಾತನ್ನು ಎಷ್ಟು ಸಲ ಓದಿದೆನೋ. ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ನಾಲ್ಕನೇ ತರಗತಿಯಿಂದ ಬಿಡಿಸಿ ಮೀನು ಒಣಗಿಸುವ ಕೆಲಸಕ್ಕೆ ಹಾಕಿದರು. ನೀನು ಓದಿದೆ, ಮೇಷ್ಟ್ರಮ್ಮನಾದೆ. ಗಂಡ ಬಂದ, ಮಗಳು ಬಂದಳು. ನನಗೆ ವರ್ಷಕ್ಕೊಂದು ವಾರ ಆ ಮನೆಯಿತ್ತು. ಈಗ ನಾನಿಲ್ಲದೆ ಅಲ್ಲಿ ಕಾಫಿ ಕುದಿಯುತ್ತದೆ, ಕಾಡ್ ಮೀನಿನ ಈಲಿ ಬೇಯುತ್ತದೆ, ನನ್ನ ಕಂಬಳಿಯನ್ನು ಯಾರೋ ಹೊದೆಯುತ್ತಾರೆ. ಯಾರೂ ಒಂದು ಕ್ಷಣ ನಿಂತು ನನ್ನನ್ನು ನೆನೆಯುವುದಿಲ್ಲ. ಅಸೂಯೆ ಅನ್ನು, ಹೌದು, ಅದೇ.

ಅಲ್ಲಿ ಮೊದಲು ಒಲೆ ಹೊತ್ತಿಸಿದವರು ಮನೆಯ ಪುಸ್ತಕದಲ್ಲಿ ಮೊದಲ ಸಾಲು ಬರೆಯಬೇಕೆಂಬುದು ಅಪ್ಪನ ಕಾಲದ ಕ್ರಮ. ತಾರೀಕು, ಗಾಳಿ, ಸಿಕ್ಕ ಮೀನು. ಹತ್ತೊಂಬತ್ತು ವರ್ಷ ಆ ಸಾಲು ನನ್ನದೇ. ನೀನು ಪೆನ್ಸಿಲಿನಲ್ಲಿ ನನ್ನ ಕಾಗುಣಿತ ತಿದ್ದಿದ್ದನ್ನೂ ನೋಡಿದ್ದೇನೆ.

ಹೋದ ಈಸ್ಟರಿನಲ್ಲಿ ತೂರ್ಮೂದ್ ಒಲೆ ಹೊತ್ತಿಸಲು ಹೋಗಿ ಮನೆಯೆಲ್ಲ ಹೊಗೆಯಾಗಿ, ಎಲ್ಲರೂ ಕೆಮ್ಮುತ್ತ ಹಿಮಕ್ಕೆ ಓಡಿದ್ದು ನೆನಪಿದೆಯಾ? ನಾನು ಹೋಗಿ ಐದು ನಿಮಿಷದಲ್ಲಿ ಹೊತ್ತಿಸಿದೆ. "ಅತ್ತಿಗೆ, ಈ ಒಲೆ ನಮ್ಮನ್ನ ಬಾಡಿಗೆಯವರು ಅಂದ್ಕೊಂಡಿದೆ, ನಿಮ್ಮ ಮಾತೊಂದೇ ಕೇಳೋದು" ಎಂದ ಅವನು. ಸುನ್ನಿವಾ ನನ್ನ ಸೊಂಟ ತಬ್ಬಿ, "ದೊಡ್ಡಮ್ಮ ಬರದಿದ್ರೆ ನಾವೆಲ್ಲ ಚಳೀಲಿ ಸತ್ತೇ ಹೋಗ್ತೀವಿ" ಎಂದಳು. ಆ ಮಾತಿನ ಮೇಲೆ ಒಂದು ವರ್ಷ ಬದುಕಿದೆ ಕಣೇ.

ಅದು ನನ್ನ ಕೈಗುಣವಲ್ಲ. ಅದಕ್ಕೂ ಹಿಂದಿನ ಶರತ್ಕಾಲದಲ್ಲಿ ರಿಪೇರಿಗೆಂದು ಒಂದು ದಿನ ಒಬ್ಬಳೇ ಹೋಗಿದ್ದಾಗ, ಹೊಗೆಕೊಳವೆಯನ್ನು ತೆರೆದು ಮುಚ್ಚುವ ಒಳಗಿನ ತಗಡು ತುಕ್ಕು ಹಿಡಿದಿತ್ತು. ಬಿಚ್ಚಿ ಹೊಸದು ಕೂರಿಸುವಾಗ ಅದನ್ನು ತಿರುಗಿಸುವ ಹೊರಗಿನ ಹಿಡಿಯನ್ನು ತಪ್ಪಾಗಿ ಜೋಡಿಸಿದೆ. ಎಲ್ಲರ ಮನೆಯಲ್ಲೂ ಹಿಡಿ ನೆಟ್ಟಗಿದ್ದರೆ ಕೊಳವೆ ತೆರೆದಿರುತ್ತದೆ. ನಮ್ಮಲ್ಲಿ ನೆಟ್ಟಗಿದ್ದರೆ ಮುಚ್ಚಿರುತ್ತದೆ, ಅಡ್ಡಕ್ಕಿದ್ದರೆ ತೆರೆದಿರುತ್ತದೆ. ತಪ್ಪು ಗೊತ್ತಾದ ದಿನವೇ ಸರಿಮಾಡಬಹುದಿತ್ತು. ಮಾಡಲಿಲ್ಲ. ಆ ಒಲೆಗಾದರೂ ನಾನು ಬೇಕಾಗಲಿ ಎನಿಸಿತು.

ಈಗ ನೀವು ಹಿಡಿಯನ್ನು ಹೇಗೆಂದರೆ ಹಾಗೆ ತಿರುಗಿಸಿ, ಒದ್ದಾಡಿ ಹೊತ್ತಿಸುತ್ತೀರಿ. ನೀನು ಜಾಗ್ರತೆಯವಳು. ಮಲಗುವ ಮುಂಚೆ ಕೊಳವೆ ತೆರೆದಿರಲೆಂದು ಹಿಡಿಯನ್ನು ನೆಟ್ಟಗೆ ನಿಲ್ಲಿಸುತ್ತೀಯ. ಕೆಂಡದ ವಿಷಗಾಳಿಗೆ ಹೊಗೆಯಿಲ್ಲ, ವಾಸನೆಯಿಲ್ಲ. ನಿನ್ನ ಜಾಗ್ರತೆಯೇ ನಿಮ್ಮನ್ನು ಕೊಲ್ಲುತ್ತದೆ, ನನ್ನ ಕೈಯಿಂದ.

ಈ ಸಲ ಮೊದಲ ಸಾಲು ನೀನೇ ಬರೆ. ಕೊಡಲು ಮನಸ್ಸಿಲ್ಲ, ಆದರೂ ಬರೆ: ಗುನ್ವೋರ್ ಹಿಡಿಯನ್ನು ತಿರುವುಮುರುವಾಗಿ ಹಾಕಿದ್ದಾಳೆ, ಅಡ್ಡಕ್ಕಿದ್ದರೆ ತೆರೆದಂತೆ. ನಿನ್ನ ದುಂಡಗಿನ ಅಕ್ಷರದಲ್ಲಿ, ಮುಂದೆ ಬರುವವರಿಗೂ ಕಾಣುವ ಹಾಗೆ.

ಸಮುದ್ರ ನಿಮಗೆ ತಣ್ಣಗಿರಲಿ, ಮನೆ ಬೆಚ್ಚಗಿರಲಿ. ಸುನ್ನಿವಾಳ ಕೆನ್ನೆಗೆ ನನ್ನದೊಂದು ಮುತ್ತು.

ಬರಲಾಗದ ನಿನ್ನ ಅಕ್ಕ,
ಗುನ್ವೋರ್

ಮರೆತೆ: ದೀಪ ಆರಿಸಿದ ಮೇಲೂ ಒಮ್ಮೆ ಎದ್ದು ಹೋಗಿ ಹಿಡಿ ಮುಟ್ಟಿ ನೋಡು. ಅಡ್ಡಕ್ಕಿದೆಯಾ?