ಬಾಗಿಲಲ್ಲಿ ಹೇಳಿದ ಕುರಿಮಾಂಸ

ತಂಗಿಯ ಮಗಳೇ ಅರ್ವಾ,

ಮಾರಿಬ್‌ನಲ್ಲಿ ನಿನ್ನ ಮಾವನನ್ನು ಕೇಳದೆ ಸೂರ್ಯನೂ ಮುಳುಗುವುದಿಲ್ಲ. ಇರುವುದು ಮಾತ್ರ ಯುದ್ಧಕ್ಕೆ ಊರು ಬಿಟ್ಟವರ ಶಿಬಿರದ ಹರಕು ಗುಡಾರದಲ್ಲಿ.

ಹೋದ ತಿಂಗಳು ನೆರವು ಸಂಸ್ಥೆಯ ಹುಡುಗಿಯೊಬ್ಬಳು ಬಂದು, "ದೊಡ್ಡಪ್ಪಾ, ಈ ವಾರ ಏನೇನ್ ತಿಂದ್ರಿ?" ಎಂದು ಕೇಳಿದಳು. ಬಾಗಿಲಿಗೆ ಬಂದವರ ಮುಂದೆ ಮನೆಯಲ್ಲಿ ಹಿಟ್ಟಿಲ್ಲ ಎನ್ನುವ ಗಂಡಸು ನಮ್ಮ ಕುಲದಲ್ಲಿ ಹುಟ್ಟಿದ್ದಾನೆಯೇ? "ದಿನಾ ಕುರಿಮಾಂಸ, ಜೇನುತುಪ್ಪ. ಕೂತ್ಕೋ ತಾಯಿ, ಉಂಡ್ಕೊಂಡೇ ಹೋಗು" ಎಂದೆ. ಅವಳು ಅದನ್ನೇ ಬರೆದುಕೊಂಡಳು.

ಹೊರದೇಶಗಳು ಕೊಡುವ ಹಣ ಕಡಿಮೆಯಾಗಿದೆಯಂತೆ. ತೀರಾ ಹಸಿದವರ ಹೆಸರಷ್ಟೇ ನೆರವಿನ ಹಣದ ಪಟ್ಟಿಯಲ್ಲಿ ಉಳಿಯಿತು, ನಮ್ಮದು ಹೋಯಿತು. ನಿನ್ನ ಅತ್ತೆ ಖಾಲಿ ಪಾತ್ರೆ ನನ್ನ ಮುಂದಿಟ್ಟು, "ಆ ಕುರೀನ ಎಲ್ಲಿ ಕಟ್ಟಿದೀರಿ, ಮೀಸೆಗಾ?" ಎಂದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಎದ್ದು ನಿಂತರೆ ಅವಳಿಗೆ ತಲೆ ಸುತ್ತುತ್ತದೆ.

ನಿಮ್ಮಲ್ಲಿಗೂ ಅವರು ಕೇಳಲು ಬಂದರೆ ನಿನ್ನಪ್ಪನನ್ನು ಹೊರಗೆ ಕಳಿಸಿ ನೀನೇ ಉತ್ತರ ಹೇಳು.

ಈ ಅಂಚೆ ಕಾರ್ಡು ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನ ಮಾವ ಮುಖ್ಬಿಲ್

ಊರವರು ಕೇಳಿದರೆ ಮಾವ ಏನೋ ಚಿಲ್ಲರೆ ಕಳೆದುಕೊಂಡ ಎನ್ನು. ಹೋದದ್ದು ತಿಂಗಳಿಗೆ ಅರವತ್ತು ಸಾವಿರ ರಿಯಾಲ್, ಹಿಟ್ಟು ಎಣ್ಣೆಯ ದುಡ್ಡು. ನಮಗಿದ್ದದ್ದೇ ಅಷ್ಟು.