ಕನ್ನಡಕ ತೆಗೆದಿಟ್ಟ ತೂಕ

ರೀ,

ಓಡಲು ಹೋಗುತ್ತಿದ್ದೇನೆ. ಹಾಲು ಕಾಯಿಸಿಟ್ಟಿದೆ, ಕಾಫಿ ನೀವೇ ಮಾಡಿಕೊಳ್ಳಿ. ಏಳಕ್ಕೆ ಮಗಳನ್ನು ಎಬ್ಬಿಸಿ.

ಹತ್ತು ವರ್ಷದ ಮೇಲೆ ಮತ್ತೆ ಶೂ ಕಟ್ಟಿ, ಆರು ವಾರ ಏದುಸಿರು ಬಿಡುತ್ತಾ ಓಡಿದೆ. ಕನ್ನಡಕದ ಭಾರವೂ ಸೇರಬಾರದೆಂದು ಅದನ್ನೂ ತೆಗೆದಿಟ್ಟು ಪ್ರತಿ ಭಾನುವಾರ ತೂಕದ ಯಂತ್ರ ಹತ್ತುತ್ತಿದ್ದೆ. ನೀವು ಬಗ್ಗಿ ಅಂಕೆ ಓದುತ್ತಿದ್ದಿರಿ. ಕಳೆದ ಭಾನುವಾರ, "ಐದು ಕೆಜಿ ಇಳಿದಿದ್ದೀಯ ಕಣೇ!" ಅಂದಿರಿ.

ನಾನು ಪೆದ್ದಿ, ನಂಬಿದೆ. ನಿನ್ನೆ ನಮ್ಮ ಪಾರ್ಸೆಲ್ ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡೆ. "ಎಲ್ಲಿ, ಹತ್ತು ನೋಡೋಣ" ಎಂದು ಮ್ಯಾನೇಜರಮ್ಮ ಪಾರ್ಸೆಲ್ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಓಡಲು ಶುರು ಮಾಡಿದಾಗಿನ ತೂಕಕ್ಕಿಂತ ಇಳಿದಿದ್ದು ಒಂದೇ ಕೆಜಿ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವತ್ತು ಯಾವ ಮುಖ ಇಟ್ಟುಕೊಂಡು ಕೆಲಸಕ್ಕೆ ಹೋಗಲಿ?

ಮನೆಗೆ ಬಂದು ಕೇಳಿದರೆ, "ನಿಂಗೆ ಬೇಜಾರಾಗ್ಬಾರ್ದು ಅಂತ ಹಾಗಂದೆ" ಅಂತೀರಿ. ನಾನೇನು ಎಳೆ ಮಗುವೇ, ಪುಸಲಾಯಿಸಿ ನಡೆಸುವುದಕ್ಕೆ?

ಇನ್ನು ಮೇಲೆ ಕನ್ನಡಕ ಹಾಕಿಕೊಂಡೇ ಹತ್ತುತ್ತೇನೆ. ಅಂಕೆ ನಾನೇ ಓದಿಕೊಳ್ಳುತ್ತೇನೆ. ನೀವು ಆ ಕಡೆ ತಲೆ ಹಾಕಬೇಡಿ. ಬರುವಷ್ಟರಲ್ಲಿ ಬಿಸಿನೀರು ಕಾಯಿಸಿಡಿ, ಮೊಣಕಾಲು ನೋಯುತ್ತಿದೆ.

ಆ ಒಂದು ಕೆಜಿ ನಾನು ನಿಜವಾಗಿ ಓಡಿ ಇಳಿಸಿದ್ದು ರೀ. ಅಷ್ಟನ್ನೇ ಹೇಳಿದ್ದರೂ ಮನೆ ತುಂಬಾ ಕುಣಿದಾಡುತ್ತಿದ್ದೆ. ಈಗ ಅದಕ್ಕೇ ನಾಚಿಕೆಪಡುವ ಹಾಗೆ ಮಾಡಿಬಿಟ್ಟಿರಿ.