ನಿಡುಗಲ್ಲಿನ ವಿದೂಷಕ

ಐ.ಡಿ.ಹಳ್ಳಿ, ಮಧುಗಿರಿ ತಾಲ್ಲೂಕು
27 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಸುನಿತಾ,

ಲಕೋಟೆ ಒಡೆದ ಕೂಡಲೇ ನೀನು ಫೋಟೊವನ್ನೇ ಮೊದಲು ನೋಡಿರುತ್ತೀಯ. ನೋಡು, ಕಣ್ತುಂಬ ನೋಡು. ಸಿಕ್ಕಿಬಿಟ್ಟಿತು ಕಣೇ! ಮಧುಗಿರಿ ಕಾಲೇಜಿನ ದಿನಗಳಿಂದ ನಾವಿಬ್ಬರೂ ಹುಡುಕುತ್ತಿದ್ದ ವಿದೂಷಕ ಚಿಟ್ಟೆ. ಇಂಗ್ಲಿಷಿನಲ್ಲಿ ಜೋಕರ್ ಅನ್ನುತ್ತಾರಲ್ಲ, ಅದೇ. ವಾಟ್ಸಾಪಿನಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಮಧುಗಿರಿಗೆ ಹೋಗಿ ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಬಂದೆ.

ಜೂನಿನಲ್ಲಿ ನೀನು ಅಲ್ಮೋರಾದಿಂದ ಆಮೆಚಿಪ್ಪಿನ ಬಣ್ಣದ ಚಿಟ್ಟೆಯ ಚಿತ್ರ ಕಳಿಸಿದ್ದೆ. ನಿಮ್ಮ ಶಾಲೆಯ ತೋಟದ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಕೂತಿತ್ತು. ಅಂಚಿಗೆಲ್ಲ ಪುಟ್ಟ ಪುಟ್ಟ ನೀಲಿ ಚಂದ್ರರು. ಇದು ಹಿಮಾಲಯ ಬಿಟ್ಟು ನಿಮ್ಮ ಬಿಸಿಲು ಸೀಮೆಗೆ ಬರುವುದಿಲ್ಲ, ಇದರ ದಾಯಾದಿ ವಿದೂಷಕನನ್ನಾದರೂ ಹಿಡಿ ಅಂತ ನೀನು ಬರೆದಿದ್ದೆ. ನಾನು ಉತ್ತರ ಕೊಡಲಿಲ್ಲ. ನೀನು ಫೋನಿನಲ್ಲಿ ಕೇಳಿದಾಗ ಶಾಲೆಯ ಕೆಲಸ ಜಾಸ್ತಿ ಅಂದೆ. ಅದು ಸುಳ್ಳು. ಆವತ್ತು ನಿನ್ನ ಚಿತ್ರವನ್ನು ಎದೆಗೊತ್ತಿಕೊಂಡು ಅತ್ತಿದ್ದೆ.

ಹೋದ ವರ್ಷ ಕಣ್ಣಿಗೆ ಸಣ್ಣ ಪೆಟ್ಟಾಗಿದೆ ಅಂತ ಹೇಳಿದ್ದೆನಲ್ಲ, ಅದು ಸಣ್ಣದಾಗಿರಲಿಲ್ಲ. ನಮ್ಮೂರ ಕೆರೆಯಂಗಳದಲ್ಲಿ ಚಿಟ್ಟೆಯ ಹಿಂದೆ ಬಗ್ಗಿ ಹೋಗುವಾಗ ಬಳ್ಳಾರಿ ಜಾಲಿಯ ಮುಳ್ಳುಕೊಂಬೆ ಬಲಗಣ್ಣಿಗೆ ಬಡಿಯಿತು. ಬೆಂಗಳೂರಿನಲ್ಲಿ ಎರಡು ಸಲ ಆಪರೇಷನ್ ಆಯಿತು. ದೃಷ್ಟಿ ಉಳಿಯಲಿಲ್ಲ, ಸುನಿತಾ.

ಕ್ಯಾಮೆರಾಗೆ ಹಚ್ಚುತ್ತಿದ್ದುದು ಅದೇ ಕಣ್ಣು. ದೂರ ಹತ್ತಿರದ ಅಂದಾಜೇ ತಪ್ಪಿಹೋಗಿತ್ತು. ಲೋಟಕ್ಕೆ ಅಂತ ಬಗ್ಗಿಸಿದ ನೀರು ನೆಲಕ್ಕೆ ಬೀಳುತ್ತಿತ್ತು. ಕ್ಯಾಮೆರಾವನ್ನು ಟ್ರಂಕಿನಲ್ಲಿಟ್ಟು ಮೇಲೆ ಹಳೇ ಸೀರೆಗಳನ್ನು ಹೇರಿದೆ. ನಮ್ಮ ಅವ್ವ ಕರಿಯಕ್ಕನಿಗೆ ಅದೇ ಸಮಾಧಾನ. "ಒಂದ್ ಕಣ್ಣು ಮುಳ್ಳಿಗೆ ಕೊಟ್ಟಿದ್ದು ಸಾಕು ಕಣಮ್ಮ, ಇನ್ನೊಂದಾದ್ರೂ ನೆಟ್ಟಗೆ ಮಡಿಕ್ಕೊ" ಅಂದಳು.

ನಿನ್ನ ಚಿತ್ರ ಬಂದ ಮೇಲೆ ನಮ್ಮ ಯಜಮಾನರು, ನಟರಾಜು, ಟ್ರಂಕ್ ತೆಗೆದು ಕ್ಯಾಮೆರಾ ಒರೆಸಿ ಕೂತರು. ನನಗೆ ಸಿಟ್ಟು ಬಂತು. ಇನ್ನೇನು ಮಾಡಲಿ ಅದನ್ನು ಅಂತ ರೇಗಿದೆ. ಅದಕ್ಕವರು, "ಅದಕ್ಕೂ ಒಂದೇ ಕಣ್ಣು ತಾನೇ? ಅದು ಹೆಂಗ್ ನೋಡ್ತೈತೋ ನೀನೂ ಅಂಗೇ ನೋಡು" ಅಂದರು. ನಗು ಬಂತು, ಅಳುವೂ ಬಂತು.

ಮಾರನೇ ದಿನದಿಂದ ಶಾಲೆಯ ಹಿತ್ತಲಿನ ದಾಸವಾಳದ ಮುಂದೆ ಕೂತೆ. ಎಡಗಣ್ಣು ಹಚ್ಚಿದರೆ ಮೂಗು ಅಡ್ಡ ಬರುತ್ತಿತ್ತು. ತೆಗೆದದ್ದೆಲ್ಲ ಮಸುಕು. ಒಂದೊಂದು ಸಂಜೆ ಕ್ಯಾಮೆರಾವನ್ನು ಗೋಡೆಗೆ ಬಡಿಯಬೇಕು ಅನ್ನಿಸುತ್ತಿತ್ತು. ಬರಬರುತ್ತಾ ಒಂದು ಉಪಾಯ ಹೊಳೆಯಿತು: ಲೆನ್ಸ್ ತಿರುಗಿಸದೆ ಉಸಿರು ಹಿಡಿದು ಮೈಯನ್ನೇ ಹಿಂದೆ ಮುಂದೆ ತೂಗುವುದು, ಚಿಟ್ಟೆಯ ಮೀಸೆ ಸ್ಪಷ್ಟವಾದ ಕ್ಷಣಕ್ಕೆ ಒತ್ತುವುದು. ಗಣೇಶನ ಹಬ್ಬದ ಹೊತ್ತಿಗೆ ಚಿಟ್ಟೆಯ ಮೀಸೆಯ ತುದಿ ಎಣಿಸುವ ಹಾಗೆ ಬರತೊಡಗಿತು.

ದಸರಾ ರಜೆಯಲ್ಲಿ ಇಬ್ಬರೂ ಬೈಕಿನಲ್ಲಿ ನಿಡುಗಲ್ಲು ಬೆಟ್ಟಕ್ಕೆ ಹೋದೆವು. ಮಳೆಗೆ ಬೆಟ್ಟದ ಬುಡವೆಲ್ಲ ಹಸಿರಾಗಿತ್ತು. ವಿದೂಷಕ ಮೊಟ್ಟೆಯಿಡುವುದು ತುರಚೆ ಬಳ್ಳಿಯ ಮೇಲೆ ಅಂತ ನಾವು ಓದಿದ್ದೆವಲ್ಲ, ಆ ಬಳ್ಳಿ ಹುಡುಕುತ್ತಾ ಬಂಡೆಯೊಂದರ ಪಕ್ಕ ಬಂದೆ. ಹುಲ್ಲಿನಿಂದ ಕಿತ್ತಳೆ ಬಣ್ಣದ್ದೊಂದು ಮೊಣಕಾಲೆತ್ತರಕ್ಕೆ ಎದ್ದು ತೇಲಿತು. ಕಪ್ಪು ಪಟ್ಟೆ. ಅದೇ! ಆತುರದಲ್ಲಿ ಹೆಜ್ಜೆ ಇಟ್ಟೆ. ಹತ್ತಿರ ಅಂದುಕೊಂಡ ಕಲ್ಲು ದೂರವಿತ್ತು. ಸೀದಾ ತುರಚೆಯ ಮೇಲೆಯೇ ಬಿದ್ದೆ. ಕ್ಯಾಮೆರಾ ಮಾತ್ರ ಮೇಲೆತ್ತಿ ಹಿಡಿದಿದ್ದೆ.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಓಬಳಯ್ಯ ಎಂಬುವವರು, "ಅಮ್ಮೋ, ಆ ಬಳ್ಳಿ ಮುಟ್ಬ್ಯಾಡ್ರಿ, ಮಂಟ ಮಂಟ, ಉರೀತೈತೆ!" ಅಂತ ತೆಲುಗು ಬೆರೆಸಿ ಕೂಗಿದರು. ಅವರು ಹೇಳುವಷ್ಟರಲ್ಲಿ ಕೈ, ಕತ್ತು, ಕೆನ್ನೆಯೆಲ್ಲ ಬೆಂಕಿ. ಚಿಟ್ಟೆ ಹಾರಿಹೋಗಿತ್ತು. ನಟರಾಜು ಎಬ್ಬಿಸಲು ಬಂದರು. ಅಷ್ಟರಲ್ಲಿ ಅದು ವಾಪಸ್ ಬಂತು ಸುನಿತಾ! ಮೊಟ್ಟೆಯಿಡಲು ಬಂದ ಹೆಣ್ಣು ಇರಬೇಕು. ನನ್ನ ಮುಖದ ಮುಂದಿನ ಎಲೆಯ ಮೇಲೇ ಕೂತು ರೆಕ್ಕೆ ಹರಡಿತು. ನಟರಾಜುಗೆ ಕೈಸನ್ನೆ ಮಾಡಿ ನಿಲ್ಲಿಸಿದೆ. ಮೈಯೆಲ್ಲ ಉರಿ, ಕೆರೆಯುವಂತಿಲ್ಲ. ಬಿದ್ದಲ್ಲೇ ಮೊಣಕೈ ಊರಿ ಹಿಂದಕ್ಕೆ ತೂಗಿದೆ, ಮುಂದಕ್ಕೆ ತೂಗಿದೆ. ಮೀಸೆ ಸ್ಪಷ್ಟವಾಯಿತು. ಒತ್ತಿದೆ.

ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ರೆಕ್ಕೆಯ ಒಂದೊಂದು ಪುಡಿಯೂ ಕಾಣುತ್ತಿತ್ತು. ನಾನು ಕೂಗಿದ ಕೂಗಿಗೆ ಮೇಕೆಗಳೆಲ್ಲ ಚೆಲ್ಲಾಪಿಲ್ಲಿಯಾದವು. ಓಬಳಯ್ಯನವರು ಕೋಲು ಹಿಡಿದು ಓಡಿಬಂದು, "ಹಾವಾ ಅಮ್ಮಾ?" ಅಂದರು. "ಅಲ್ಲ ಸ್ವಾಮಿ, ಚಿಟ್ಟೆ" ಅಂದರೆ ಅವರು ನಟರಾಜುವಿನ ಮುಖವನ್ನು ಕನಿಕರದಿಂದ ನೋಡಿದರು.

ಮನೆಗೆ ಬಂದಾಗ ಅವ್ವ ನನ್ನ ಊದಿದ ಮುಖಕ್ಕೆ ಹೆದರಿ, ಆಮೇಲೆ ಬೈದು, ಆಮೇಲೆ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು. "ಇದನ್ನ ನೀನೇ ತಗೆದ್ಯಾ? ಆ ಒಂದ್ ಕಣ್ಣಾಗೇ?" ಅಂದಳು. ಹೂಂ ಅಂದೆ. ಅವತ್ತಿನಿಂದ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಒಳಗೆ ಕರೆದು ಚಿತ್ರ ತೋರಿಸುತ್ತಿದ್ದಾಳೆ.

ಇನ್ನು ನಿನ್ನ ಆಮೆಚಿಪ್ಪಿನ ಸರದಿ. ಬೇಸಿಗೆ ರಜೆಗೆ ಅಲ್ಮೋರಾಕ್ಕೆ ಬರುತ್ತೇವೆ. ಆ ಕಲ್ಲನ್ನು ಕಾದಿಡು. ಫೋನ್ ಮಾಡಿ ಅಳಬೇಡ, ಜೋರಾಗಿ ನಗು.

ಗೆದ್ದ ಖುಷಿಯಲ್ಲಿರುವ ನಿನ್ನ
ಗಂಗಾಲಕ್ಷ್ಮಿ

ಮರೆತಿದ್ದೆ: ಪೆಟ್ಟಾದಾಗಿನಿಂದ ಮನೆಯೊಳಗೂ ನಾನು ಕಪ್ಪು ಕನ್ನಡಕ ಹಾಕಿಕೊಂಡಿರುತ್ತಿದ್ದೆ. ಅದಕ್ಕೇ ನಿನಗೆ ವಿಡಿಯೊ ಕಾಲ್ ಬೇಡ ಅನ್ನುತ್ತಿದ್ದುದು. ಆವತ್ತು ಬೀಳುವ ಮುಂಚೆ ಅದನ್ನು ತೆಗೆದು ಬಂಡೆಯ ಮೇಲಿಟ್ಟವಳು ಅಲ್ಲೇ ಬಿಟ್ಟು ಬಂದೆ. ಅರ್ಧ ದಾರಿಯಲ್ಲಿ ನೆನಪಾಯಿತು. ತಿರುಗಿಸಲಾ ಅಂತ ನಟರಾಜು ಬೈಕ್ ನಿಲ್ಲಿಸಿದರು. ಬೇಡ, ಓಬಳಯ್ಯನವರಿಗೆ ಬಿಸಿಲಿಗಾಗುತ್ತೆ, ನಡೀರಿ ಅಂದೆ. ಸೋಮವಾರ ಶಾಲೆ ತೆರೆಯಿತು. ಬರಿಗಣ್ಣಲ್ಲೇ ಪಾಠ ಮಾಡಿದೆ.